ಹಾಯಿದೋಣಿ ಬ್ಯಾಟರಿ ಗ್ರಾಹಕರ ಗಮನಕ್ಕೆ: ಆಯುಧಪೂಜೆಯಿಂದಾಚೆಗೆ ಹೊಸ ಕಿಟ್

ಚಿತ್ರದುರ್ಗ

ಮಾನ್ಯ ಗ್ರಾಹಕರೇ,

ನಮಸ್ಕಾರ. ಕಾರವಾರ, ಮಲ್ಪೆ, ಮಂಗಳೂರು ಕಡೆಯ ಹಾಯಿದೋಣಿಗಳ ಮೋಟಾರಿಗೆ ನಾವು ಕಟ್ಟಿಕೊಡುವ 48 ವೋಲ್ಟ್ ಬ್ಯಾಟರಿ ಬ್ಯಾಂಕಿನಲ್ಲಿ (ಒಟ್ಟಿಗೆ ಜೋಡಿಸಿದ ಬ್ಯಾಟರಿಗಳ ಸೆಟ್) ಆಯುಧಪೂಜೆಯ ನಂತರ ಸೀಸ-ಆಸಿಡ್‌ನ ಟ್ಯೂಬುಲರ್ ಬ್ಯಾಟರಿ ಇರುವುದಿಲ್ಲ, ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇರುತ್ತದೆ. ಬ್ಯಾಟರಿ, ಸೋಲಾರ್ ಪ್ಯಾನೆಲ್ ಇರುವ ಕಿಟ್ ಜೊತೆ ಎಲ್ಲರಿಗೂ ಬರುತ್ತಿದ್ದ, ಗಾಳಿಯಿಂದ ಬ್ಯಾಟರಿ ಚಾರ್ಜ್ ಮಾಡುವ ಸಣ್ಣ ಗಾಳಿಯಂತ್ರ ಇನ್ನು ಕೇಳಿದವರಿಗೆ ಮಾತ್ರ.

ಬ್ಯಾಟರಿ ಬದಲಿಸಿದ್ದೇಕೆಂದು ಬಹಳ ಹೇಳಬೇಕಿಲ್ಲ. 100 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ ಸೇರಿದರೆ ನೂರು ಕಿಲೋ ಮೀರುತ್ತದೆ. ಬಾಳಿಕೆ ಬರಬೇಕೆಂದರೆ ಚಾರ್ಜನ್ನು ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಹಾಗಾಗಿ ಕೈಗೆ ಸಿಗುವುದು ಎರಡೂವರೆ ಯೂನಿಟ್ಟಿನೊಳಗೆ. ಅಷ್ಟೇ ಆಂಪಿಯರ್-ಅವರ್‌ನ 16 ಲಿಥಿಯಂ ಸೆಲ್ಲುಗಳು ಅರ್ಧದಷ್ಟು ತೂಕದಲ್ಲಿ ನಾಲ್ಕು ಯೂನಿಟ್ ಕೊಡುತ್ತವೆ. ದೋಣಿ ವಾಲಿದರೆ ಆಸಿಡ್ ಚೆಲ್ಲೀತೆಂಬ ಭಯವಿಲ್ಲ. ಬೆಲೆ ಮಾತ್ರ ಜಾಸ್ತಿಯೇ.

ಗಾಳಿಯಂತ್ರದ ಬಗ್ಗೆ ಮಾತ್ರ ತಕರಾರು ಬರುತ್ತದೆಂದು ಗೊತ್ತು. ಗಾಳಿಯಂತ್ರಗಳಿರುವ ಜೋಗಿಮಟ್ಟಿ ಗುಡ್ಡದ ಕೆಳಗೆ ಕೂತು ಗಾಳಿಯನ್ನೇ ಬೇಡ ಅನ್ನುತ್ತೀರಲ್ಲ ಎಂದು ಈಗಾಗಲೇ ಕೆಲವರು ಕೇಳಿದ್ದಾರೆ. ಗುಡ್ಡದ ನೆತ್ತಿಯ ದೊಡ್ಡ ಕಂಬಕ್ಕೆ ಸಿಗುವ ಗಾಳಿ ಬೇರೆ, ದೋಣಿಯ ಹಿಂಬದಿಯಲ್ಲಿ ಆಳೆತ್ತರದ ಪೈಪಿಗೆ ಸಿಗುವ ಗಾಳಿ ಬೇರೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. 1.2 ಮೀಟರ್ ವ್ಯಾಸದ ಯಂತ್ರ ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಸುಮಾರು 100 ವ್ಯಾಟ್ ಕೊಟ್ಟರೆ, 4 ಮೀಟರ್‌ನಲ್ಲಿ ಹನ್ನೆರಡು-ಹದಿಮೂರು ವ್ಯಾಟ್ ಅಷ್ಟೇ. ರಾತ್ರಿಯಿಡೀ ತಿರುಗಿದರೂ ಕಾಲು ಯೂನಿಟ್ ತುಂಬದು. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೊರಟಾಗ ದೋಣಿಯೂ ಗಾಳಿಯ ದಿಕ್ಕಿಗೇ ಓಡುವುದರಿಂದ ಅದೂ ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಜೋರು ಗಾಳಿ ಬೀಸುವ ಜೂನ್, ಜುಲೈನಲ್ಲಿ ನಿಮ್ಮಲ್ಲಿ ಹೆಚ್ಚಿನವರ ದೋಣಿ ದಡದಲ್ಲಿ ತಾಡಪಾಲಿನ ಕೆಳಗಿರುತ್ತದೆ! ಹಾಯಿ ಬಿಚ್ಚುವ ತಿಂಗಳುಗಳಲ್ಲಿ ಬಿಸಿಲಿಗೆ ಬರವಿಲ್ಲ. ಒಂದು 400 ವ್ಯಾಟ್ ಪ್ಯಾನೆಲ್ ಒಳ್ಳೆಯ ದಿನ ಒಂದೂವರೆ ಯೂನಿಟ್ ತುಂಬುತ್ತದೆ. ಹಗ್ಗದ್ದೋ ಹಾಯಿಯದೋ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೆ ಉಳಿದದ್ದೂ ಸೊರಗದಿರಲಿ ಎಂದು ಹೊಸ ಕಿಟ್ಟಿನಲ್ಲಿ ಪ್ರತಿ ಪ್ಯಾನೆಲ್ಲಿಗೂ ಬೇರೆ ಬೇರೆ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಸಿಗುವಷ್ಟೂ ಕರೆಂಟ್ ಪಡೆದು ಬ್ಯಾಟರಿಗೆ ಕೊಡುವ ಪೆಟ್ಟಿಗೆ) ಕೊಡುತ್ತಿದ್ದೇವೆ.

ಲಂಗರು ಹಾಕಿ ವಾರಗಟ್ಟಲೆ ನಿಲ್ಲುವವರಿಗೆ ಗಾಳಿಯಂತ್ರ ಈಗಲೂ ಉಪಯೋಗವೇ. ಆದರೆ ನಿಮ್ಮಲ್ಲಿರುವ, ಗಾಳಿಯಂತ್ರದ ಹಳೆಯ ವಿಂಡ್ ಕಂಟ್ರೋಲರನ್ನು ದಯವಿಟ್ಟು ಹೊಸ ಬ್ಯಾಂಕಿಗೆ ಜೋಡಿಸಬೇಡಿ. ಸೆಲ್ ತುಂಬಿದಾಗ ಒಳಗಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಚಾರ್ಜಿಂಗನ್ನು ತಟ್ಟನೆ ಕಡಿದುಬಿಡುತ್ತದೆ. ಪ್ಯಾನೆಲ್ಲಿಗೆ ಅದರಿಂದ ಏನೂ ಆಗದು, ಸುಮ್ಮನೆ ಬಿಸಿಲಿಗೆ ಬಿದ್ದಿರುತ್ತದೆ. ಗಾಳಿಯಂತ್ರವಾದರೋ ಇಳಿಜಾರಿನಲ್ಲಿ ನೊಗ ಕಳಚಿದ ಗಾಡಿಯಂತೆ ಓಡತೊಡಗುತ್ತದೆ. ವೋಲ್ಟೇಜ್ ಏರಿ ಕಂಟ್ರೋಲರ್ ಸುಡುತ್ತದೆ, ರೆಕ್ಕೆಯೂ ಮುರಿಯಬಹುದು. ಅದಕ್ಕೇ ಯಂತ್ರ ಬೇಕೆಂದವರಿಗೆ ಡಂಪ್ ಲೋಡ್ ಇರುವ ಕಂಟ್ರೋಲರನ್ನೇ ಕೊಡುತ್ತೇವೆ. ಹೆಚ್ಚಾದ ಕರೆಂಟನ್ನು ಶಾಖವಾಗಿ ಕಳೆಯುವ ರೆಸಿಸ್ಟರ್ ಅದರಲ್ಲಿದೆ. ತೂತುಗಳಿರುವ ಆ ತಗಡಿನ ಡಬ್ಬಿ ಕೈ ಸುಡುವಷ್ಟು ಕಾಯುತ್ತದೆ. ಹಾಯಿಬಟ್ಟೆ, ಹಗ್ಗ, ಗ್ಯಾಸ್ ಸಿಲಿಂಡರ್ ಯಾವುದೂ ಅದರ ಪಕ್ಕದಲ್ಲಿರಬಾರದು.

ಹಳೆಯ ಸೋಲಾರ್ ಕಂಟ್ರೋಲರನ್ನೇ ಉಳಿಸಿಕೊಳ್ಳುವವರು ಈಕ್ವಲೈಸ್ ಸೆಟ್ಟಿಂಗ್ (ಬ್ಯಾಟರಿಗೆ ಆಗಾಗ ಹೆಚ್ಚು ವೋಲ್ಟೇಜ್ ಕೊಟ್ಟು ಸೆಲ್ಲುಗಳನ್ನು ಸಮಮಾಡುವುದು) ಆಫ್ ಮಾಡಲೇಬೇಕು. ಟ್ಯೂಬುಲರ್‌ಗೆ ಅದು 60 ವೋಲ್ಟ್ ದಾಟಿಸುತ್ತದೆ. ನಮ್ಮ 16 ಸೆಲ್ಲಿಗೆ 58.4 ಮೀರಬಾರದು, 56.8ಕ್ಕೆ ಇಟ್ಟರೆ ಸಾಕು.

ಟ್ಯೂಬುಲರ್ ಇನ್ನೂ ಚೆನ್ನಾಗಿದ್ದರೆ ಬದಲಿಸುವ ಅವಸರ ಬೇಡ, ಸರ್ವಿಸ್ ಎಂದಿನಂತೆ ನಡೆಯುತ್ತದೆ. ಹಳೆಯದರ ಪಕ್ಕ ಲಿಥಿಯಂ ಜೋಡಿಸಿ ಎಂದು ಮಾತ್ರ ಕೇಳಬೇಡಿ, ಮಾಡಿಕೊಡುವುದಿಲ್ಲ. ಕೆಟ್ಟ ಬ್ಯಾಟರಿಯನ್ನು ಗುಜರಿಗೆ ಹಾಕದೆ ನಮಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದು ನೋಂದಾಯಿತ ರೀಸೈಕ್ಲರ್‌ಗೆ ಹೋಗಬೇಕು. ತೂಕಕ್ಕೆ ತಕ್ಕ ಹಣವನ್ನು ಹೊಸ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ.

ಆರ್ಡರ್ ಕೊಡುವಾಗ ಈಗಿರುವ ಕಂಟ್ರೋಲರಿನ ಲೇಬಲ್ ಫೋಟೊ ವಾಟ್ಸಾಪ್ ಮಾಡಿ. ಅದನ್ನು ನೋಡಿದ ಮೇಲೆಯೇ ದರ ಹೇಳುತ್ತೇವೆ.

ಇಂತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ