ಉಡುಪಿನ ಜಗಳದಲ್ಲಿ ಮರೆತುಹೋದ ದಫ್ತರಗಳು

ಮಾನ್ಯ ಸಂಪಾದಕರೇ,

ಮುಖವಾಡದ ಕಾಮಿಕ್ಸ್ ನಾಯಕ ಫ್ಯಾಂಟಮ್‌ನನ್ನು ತೆರೆಗೆ ತಂದವರ ಬಗ್ಗೆ ಕೆಲವು ವಾರಗಳಿಂದ ತಮ್ಮ ಓದುಗರ ಪತ್ರಗಳ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಒಂದು ಪತ್ರವನ್ನೂ ಬಿಡದೆ ಓದಿದ್ದೇನೆ. ಕಾಮಿಕ್ಸ್‌ನಲ್ಲಿ ನಾಯಕ ತೊಡುವ ಪಟ್ಟೆ ಚಡ್ಡಿ 1996ರ ಸಿನಿಮಾದಲ್ಲಿ ಎಲ್ಲಿ ಹೋಯಿತು ಎಂದು ಒಬ್ಬರು ಕೇಳಿದ್ದಾರೆ. ಉಡುಪಿನ ಚಹರೆಯನ್ನೇ ಬದಲಿಸಿದ 2009ರ ಕಿರುಸರಣಿಯನ್ನು ಇನ್ನೊಬ್ಬರು ತರಾಟೆಗೆ ತೆಗೆದುಕೊಂಡಿದ್ದಾರೆ. ಹಳೆಯದನ್ನು ಹಳೆಯದಾಗಿಯೇ ಬಿಡಿ, ಯಾರೂ ಕೈಹಚ್ಚಬೇಡಿ ಎಂಬುದು ಮೂರನೆಯವರ ಅಹವಾಲು. ಅವರ ಅಭಿಮಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೂವರೂ ಬಟ್ಟೆಯ ಸುತ್ತಲೇ ಗಿರಕಿ ಹೊಡೆಯುತ್ತಿರುವುದನ್ನು ಕಂಡು, ಐದಾರು ದಶಕಗಳಿಂದ ಫ್ಯಾಂಟಮ್ ಓದುತ್ತ ಬಂದಿರುವ ನನಗೆ ಸುಮ್ಮನಿರಲು ಆಗಲಿಲ್ಲ.

ಮೊದಲು ಆ ಬಟ್ಟೆಯ ವಿಚಾರವನ್ನೇ ಮುಗಿಸಿಬಿಡುತ್ತೇನೆ. 1936ರ ಫೆಬ್ರುವರಿ 17ರಂದು ಅಮೆರಿಕದ ಪತ್ರಿಕೆಗಳಲ್ಲಿ ಫ್ಯಾಂಟಮ್ ಮೊದಲು ಕಾಣಿಸಿಕೊಂಡಾಗ ಅದು ಕಪ್ಪು ಬಿಳುಪಿನ ದೈನಿಕ ಚಿತ್ರಕಥೆಯ ಪಟ್ಟಿಯಾಗಿತ್ತು. ಸೃಷ್ಟಿಕರ್ತ ಲೀ ಫಾಕ್ ಅವರ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಹಾಗೆಯೇ ಉಳಿದುಕೊಂಡಿತು. ಸ್ವೀಡನ್ನಿನ ಓದುಗರಿಗೆ ಫ್ಯಾಂಟಮ್ ಎಂದರೆ ನೀಲಿ, ಇಟಲಿ ಮತ್ತು ಬ್ರೆಜಿಲ್‌ನವರಿಗೆ ಕೆಂಪು. ಒಬ್ಬೊಬ್ಬರೂ ತಾವು ಚಿಕ್ಕಂದಿನಲ್ಲಿ ಕಂಡ ಬಣ್ಣವೇ ಅಸಲಿ ಎಂದು ಪಟ್ಟು ಹಿಡಿಯುತ್ತಾರೆ. ಮುದ್ರಣಾಲಯದ ಶಾಯಿ ನಿರ್ಧರಿಸಿದ್ದನ್ನು ಧರ್ಮಶಾಸ್ತ್ರವೆಂಬಂತೆ ಹಿಡಿದುಕೊಂಡು ಸಿನಿಮಾದವರನ್ನು ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ.

ಹೆಸರುಗಳ ಕಥೆಯೂ ಇಂಥದ್ದೇ. 1964ರಲ್ಲಿ ಆರಂಭವಾಗಿ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಮೂಲಕ ಫ್ಯಾಂಟಮ್‌ನನ್ನು ಕಂಡುಕೊಂಡ ಭಾರತೀಯ ಓದುಗರಿಗೆ ಅವನ ನಾಡು ಡೆಂಕಾಲಿ. ಮೂಲದಲ್ಲಿ ಅದು ಬೆಂಗಾಲಾ. ಆ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆ ಎಂಬ ಕಾರಣಕ್ಕೆ ಇಲ್ಲಿ ಬದಲಾಯಿತು. ಫ್ಯಾಂಟಮ್‌ನ ವೈರಿಗಳಾದ ಮೂಲದ ಸಿಂಗ್ ಕಡಲ್ಗಳ್ಳರು ಇಲ್ಲಿ ಸಿಂಗಾ ಆದರು, ತಂದೆಯಿಂದ ಮಗನಿಗೆ ಮುಖವಾಡ ದಾಟುವ ಆ ವಂಶದ ಇಪ್ಪತ್ತನೆಯ ಫ್ಯಾಂಟಮ್‌ನನ್ನು ಕೊಂದ ರಾಮಾ ಎಂಬ ಖಳ ರಾಮಾಲು ಆದ. ನಾವು ತಲೆಯ ಮೇಲೆ ಹೊತ್ತು ಮೆರೆಸಿದ ಫ್ಯಾಂಟಮ್ ಆಗಲೇ ಒಂದು ರೂಪಾಂತರವಾಗಿದ್ದ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಲೀ ಫಾಕ್ ಅವರೇ ಮೊದಲ ಕಥೆಯ ನಡುವೆ ಮನಸ್ಸು ಬದಲಿಸಿದವರು. ಜಿಮ್ಮಿ ವೆಲ್ಸ್ ಎಂಬ ಶೋಕಿಲಾಲ ಶ್ರೀಮಂತ ಯುವಕನೇ ಮುಖವಾಡದ ಹಿಂದಿರುವವನು ಎಂಬ ಸುಳಿವು ಕೊಡುತ್ತ ಕಥೆ ಆರಂಭಿಸಿದವರು, ಅರ್ಧದಲ್ಲಿ ಅದನ್ನು ಕೈಬಿಟ್ಟು ಕಾಡು, ಅಲ್ಲಿ ಫ್ಯಾಂಟಮ್ ವಾಸಿಸುವ ಬುರುಡೆ ಗುಹೆ, ನಾಲ್ಕು ಶತಮಾನಗಳ ವಂಶಾವಳಿಯ ಕಡೆಗೆ ಹೊರಳಿಕೊಂಡರು. ಆ ಹೊರಳಿನಿಂದಲೇ ನಮಗೆ ಫ್ಯಾಂಟಮ್ ಸಿಕ್ಕಿದ್ದು.

ಹಾಗಾದರೆ ಯಾವುದನ್ನು ಮಾತ್ರ ಬದಲಿಸಬಾರದು? ಇದಕ್ಕೆ ನನ್ನಲ್ಲಿ ಒಂದೇ ಉತ್ತರವಿದೆ, ಅದು ಬುರುಡೆ ಗುಹೆಯಲ್ಲಿ ಸಾಲಾಗಿ ಜೋಡಿಸಿಟ್ಟಿರುವ ದಪ್ಪ ದಪ್ಪ ದಫ್ತರಗಳಲ್ಲಿದೆ. ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡು ದಡಕ್ಕೆ ಬಂದು ಬಿದ್ದ ತರುಣನೊಬ್ಬನನ್ನು ಬಾಂದಾರ್ ಕುಳ್ಳರು ಕಾಪಾಡುತ್ತಾರೆ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಅವನು ಕಡಲ್ಗಳ್ಳತನ, ದುರಾಸೆ, ಕ್ರೌರ್ಯ ಮತ್ತು ಅನ್ಯಾಯಗಳ ವಿರುದ್ಧ ತನ್ನ ಮಕ್ಕಳು ಮೊಮ್ಮಕ್ಕಳೂ ಹೋರಾಡುವರೆಂದು ಆಣೆ ಮಾಡುತ್ತಾನೆ. ಅಂದಿನಿಂದ ಇಪ್ಪತ್ತೊಂದು ತಲೆಮಾರು ಒಂದೇ ಮುಖವಾಡ ತೊಟ್ಟು ಬಂದಿದೆ. ಜಗತ್ತು ಅವನನ್ನು ಸಾವಿಲ್ಲದವನು, ನಡೆದಾಡುವ ಭೂತ ಎಂದು ನಂಬುತ್ತದೆ. ಅವನಾದರೋ ನಮ್ಮ ನಿಮ್ಮಂತೆ ಗುಂಡು ತಗುಲಿದರೆ ಸಾಯುವ ಮನುಷ್ಯ, ಸತ್ತ ಮೇಲೆ ತನ್ನ ಹಿಂದಿನವರ ಪಕ್ಕದಲ್ಲೇ ಆ ಗುಹೆಯ ಗೋಡೆಯೊಳಗೆ ಮಲಗುವವನು. ಪ್ರತಿ ಸಾಹಸದ ನಂತರ ಮೇಜಿನ ಮುಂದೆ ಕುಳಿತು ದಫ್ತರದಲ್ಲಿ ನಡೆದದ್ದನ್ನು ತನ್ನ ಕೈಯಾರೆ ಬರೆದಿಡುತ್ತಾನೆ. ಲೋಕಕ್ಕೆ ಹಬ್ಬಿಸಿದ ಸುಳ್ಳೊಂದು, ಅದರ ಹಿಂದೆ ಮಕ್ಕಳಿಗಾಗಿ ಬರೆದಿಟ್ಟ ನಿಜ ಇನ್ನೊಂದು. 1938ರ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲೇ ಮೈಗಂಟಿದ ಉಡುಪಿನಲ್ಲಿ ಬಂದ ಈ ನಾಯಕನಿಗೆ ಆಕಾಶದಲ್ಲಿ ಹಾರಲು ಬಾರದು. ವದಂತಿಯೇ ಅವನ ಏಕೈಕ ಅತಿಮಾನುಷ ಶಕ್ತಿ.

ಈ ಅಳತೆಗೋಲು ಹಿಡಿದರೆ ತೀರ್ಪುಗಳು ಬೇರೆಯಾಗುತ್ತವೆ.

1943ರಲ್ಲಿ ಕೊಲಂಬಿಯಾ ಸಂಸ್ಥೆ 15 ಕಂತುಗಳಲ್ಲಿ ತಯಾರಿಸಿದ ಧಾರಾವಾಹಿ ಚಿತ್ರದಲ್ಲಿ ಟಾಮ್ ಟೈಲರ್ ಮುಖವಾಡ ಹಾಕಿದ್ದರು. ಅದರಲ್ಲಿ ನಾಯಕನ ನಿಜನಾಮ ಜೆಫ್ರಿ ಪ್ರೆಸ್ಕಾಟ್, ಅವನ ಸಂಗಾತಿ ಡೆವಿಲ್ ಎಂಬ ತೋಳದ ಪಾತ್ರ ಮಾಡಿದ್ದು ಏಸ್ ಎಂಬ ಜರ್ಮನ್ ಶೆಫರ್ಡ್ ನಾಯಿ. ಯಾರಾದರೂ ನಾಯಿ ಎಂದಾಗ ‘ನಾಯಿಯಲ್ಲ, ತೋಳ’ ಎಂದು ತಿದ್ದುವುದು ಕಾಮಿಕ್ಸ್‌ನ ಹಳೆಯ ತಮಾಷೆಯಾದ್ದರಿಂದ, ಆ ಶೆಫರ್ಡನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಆದರೂ ಮುಂದಿನ ವಾರದವರೆಗೆ ನಾಯಕನನ್ನು ಅಪಾಯದಲ್ಲೇ ನೇತುಹಾಕಿ ಕಾಯಿಸುವ ವಿದ್ಯೆ ಅವರಿಗೆ ಗೊತ್ತಿತ್ತು, ಮತ್ತು ಅದು ಪತ್ರಿಕೆಯ ಪಟ್ಟಿಯಿಂದಲೇ ಬಂದ ವಿದ್ಯೆ.

1996ರ ಜೂನ್‌ನಲ್ಲಿ ತೆರೆಕಂಡ, ಸೈಮನ್ ವಿನ್ಸರ್ ನಿರ್ದೇಶನದ ಚಿತ್ರವನ್ನು ತಮ್ಮ ಅಂಕಣದಲ್ಲಿ ಬಹುತೇಕರು ತಳ್ಳಿಹಾಕಿದ್ದಾರೆ. ಸುಮಾರು 4.5 ಕೋಟಿ ಡಾಲರ್ ವೆಚ್ಚದ ಆ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು 1.7 ಕೋಟಿ ಡಾಲರ್ ಆಸುಪಾಸು, ಅದರೊಂದಿಗೆ ಮುಂದಿನ ಭಾಗಗಳ ಆಸೆಯೂ ಮುಗಿಯಿತು. ಕಥೆಯಲ್ಲಿ ಮೂರು ಮಂತ್ರದ ಬುರುಡೆಗಳನ್ನು ಹುಡುಕುತ್ತ ಅಲೆಯುವ ಭಾಗ ಸಪ್ಪೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಮೂಲದ ಗುಟ್ಟನ್ನು ಅರ್ಥ ಮಾಡಿಕೊಂಡ ಎರಡು ಜಾಗಗಳು ಅದರಲ್ಲಿವೆ. ಮೊದಲನೆಯದು ಕ್ವಿಲ್ ಎಂಬ ಖಳನದು. ಹಿಂದೊಮ್ಮೆ ಫ್ಯಾಂಟಮ್‌ನ ಬೆನ್ನಿಗೆ ಇರಿದು ಕೊಂದು ಅವನ ನಡುಪಟ್ಟಿಯನ್ನು ಕಿತ್ತುಕೊಂಡು ತಾನೇ ಧರಿಸಿ ತಿರುಗುತ್ತಿರುವ ಅವನ ಎದುರಿಗೆ, ಅದೇ ಮುಖವಾಡದವನು ಮತ್ತೆ ಬಂದು ನಿಲ್ಲುತ್ತಾನೆ. ಇವನನ್ನು ನಾನೇ ಕೊಂದಿದ್ದೆನಲ್ಲ ಎಂದು ಅವನು ತಬ್ಬಿಬ್ಬಾಗುವಾಗ, ಎದುರಿಗಿರುವವನು ಸತ್ತವನ ಮಗ ಎಂಬುದು ಪ್ರೇಕ್ಷಕರಿಗೆ ಮಾತ್ರ ಗೊತ್ತು. ಲಕ್ಷ ಡಾಲರಿನ ಗ್ರಾಫಿಕ್ಸ್ ಮಾಡಲಾಗದ ಕೆಲಸವನ್ನು ಆ ಒಂದು ಹಳೆಯ ನಡುಪಟ್ಟಿ ಮಾಡುತ್ತದೆ. ಎರಡನೆಯದು ಪ್ಯಾಟ್ರಿಕ್ ಮೆಕ್‌ಗೂಹನ್ ಅಭಿನಯಿಸಿದ ತಂದೆಯ ಪಾತ್ರ. ಸತ್ತ ತಂದೆ ಗುಹೆಯಲ್ಲಿ ಮಗನ ಬಳಿ ಬಂದು, ಮದುವೆಯಾಗುವುದು ಯಾವಾಗ ಎಂಬ ಧಾಟಿಯಲ್ಲಿ ಅವನ ತಲೆ ತಿನ್ನುತ್ತಾನೆ. ವಂಶ ಮುಂದುವರಿಯದಿದ್ದರೆ ಆಣೆ ಮುರಿದಂತೆ ತಾನೇ! ನಾಯಕ ನಟ ಬಿಲ್ಲಿ ಝೇನ್ ಸ್ನಾಯುಗಳ ಹುಸಿ ಮೆತ್ತೆಗಳನ್ನು ಹೊಲಿಸಿಕೊಳ್ಳದೆ ದೇಹವನ್ನು ಹುರಿಗೊಳಿಸಿಕೊಂಡು ನಟಿಸಿದ್ದೂ, ಪಾತ್ರವನ್ನು ಒಮ್ಮೆಯೂ ಗೇಲಿ ಮಾಡದೆ ಮಂದಹಾಸದಿಂದಲೇ ನಿಭಾಯಿಸಿದ್ದೂ ಸಣ್ಣ ಮಾತಲ್ಲ. ಪಟ್ಟೆ ಚಡ್ಡಿ ಇಲ್ಲದಿದ್ದರೆ ಏನಾಯಿತು?

2009ರ ಕಿರುಸರಣಿ ಇದಕ್ಕೆ ತದ್ವಿರುದ್ಧ. ತನ್ನ ಕುಲ ಗೊತ್ತಿಲ್ಲದೆ ಸಾಕುಮನೆಯಲ್ಲಿ ಬೆಳೆದ ಹುಡುಗ ತಾನೇ ಇಪ್ಪತ್ತೆರಡನೆಯವನು ಎಂದು ತಿಳಿಯುವುದು ಒಳ್ಳೆಯ ಎಳೆ, ಮೂಲದಲ್ಲಿ ಬಾಂದಾರರ ಮುಖಂಡನಾದ ಗುರಾನ್ ಪಾತ್ರವನ್ನು ಹೆಣ್ಣಾಗಿಸಿದ್ದೂ ನನಗೆ ಅಡ್ಡಿಯೆನಿಸಲಿಲ್ಲ. ಅದು ಎಡವಿದ್ದು ಉಡುಪಿನಲ್ಲಿಯೇ, ಆದರೆ ಬಣ್ಣದಿಂದಲ್ಲ. ತೊಟ್ಟವನಿಗೆ ಮಾನವಾತೀತ ಬಲ ಕೊಡುವ ಯಂತ್ರವಾಗಿ ಅದನ್ನು ರೂಪಿಸಿದ್ದೇ ತಪ್ಪು. ಫ್ಯಾಂಟಮ್‌ಗೆ ಹತ್ತು ಹುಲಿಗಳ ಬಲವಿದೆ ಎಂಬುದು ಕಾಡಿನ ಹಳೆಯ ಗಾದೆ. ಗಾದೆ ಎಂದಮೇಲೆ ಅದು ಬಾಯಿಂದ ಬಾಯಿಗೆ ಬೆಳೆದ ಮಾತು, ಅವನು ಬೇಕೆಂದೇ ಬೆಳೆಯಲು ಬಿಟ್ಟ ಮಾತು. ಆ ಮಾತನ್ನು ಪ್ರಯೋಗಾಲಯದಲ್ಲಿ ಹೊಲಿದು ತೊಡಿಸಿದರೆ ವದಂತಿಗೆ ಕೆಲಸವೇ ಉಳಿಯುವುದಿಲ್ಲ. ಯಾರು ಬೇಕಾದರೂ ಆ ಬಟ್ಟೆ ಹಾಕಿಕೊಂಡು ಫ್ಯಾಂಟಮ್ ಆಗಬಹುದಾದರೆ ಇಪ್ಪತ್ತೊಂದು ಮಂದಿ ಗೋಡೆಯೊಳಗೆ ಮಲಗಿದ್ದಾದರೂ ಏಕೆ?

ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ. ನನಗೆ ಅತ್ಯಂತ ಇಷ್ಟವಾದ ರೂಪಾಂತರ 1994ರಿಂದ 1996ರವರೆಗೆ 35 ಕಂತುಗಳಲ್ಲಿ ಬಂದ ‘ಫ್ಯಾಂಟಮ್ 2040’ ಎಂಬ ಅನಿಮೇಷನ್ ಸರಣಿ, ಅದರಲ್ಲೂ ನಾಯಕನನ್ನು ಅದೃಶ್ಯನಾಗಿಸುವ ಯಂತ್ರದ ಉಡುಪಿದೆ. ಕಾಡನ್ನು ತೆಗೆದು ಮೆಟ್ರೋಪಿಯಾ ಎಂಬ ಭವಿಷ್ಯದ ನಗರವನ್ನು ಇಟ್ಟಿದ್ದಾರೆ, ಇಪ್ಪತ್ತೊಂದನೆಯವನನ್ನು ಬಿಟ್ಟು ಇಪ್ಪತ್ತನಾಲ್ಕನೆಯವನನ್ನು ತಂದಿದ್ದಾರೆ, ಒಂದನ್ನೂ ಇದ್ದಹಾಗೆ ಬಿಟ್ಟಿಲ್ಲ. ಹಾಗಿದ್ದೂ ನಾನು ಅದನ್ನು ಮೆಚ್ಚುತ್ತೇನೆ, ಏಕೆಂದರೆ ಅಲ್ಲಿ ಹುಡುಗನೊಬ್ಬ ತಾನು ಸರಿಯಾಗಿ ಅರಿಯದ ತಂದೆಯ ಬದುಕನ್ನು ತುಣುಕು ತುಣುಕಾಗಿ ಜೋಡಿಸಿಕೊಳ್ಳುತ್ತಾನೆ. ಹಾಳಾದ ಪರಿಸರದ ಆ ನಗರದ ಅಡಿಯಲ್ಲಿ ಗುಟ್ಟಾಗಿ ಬೆಳೆದ ಕಾಡೊಂದು ಅವನಿಗೆ ಕಾಯಬೇಕಾದ ಆಸ್ತಿಯಾಗಿ ಬರುತ್ತದೆ. ಅದೃಶ್ಯನಾಗುವ ವಿದ್ಯೆಯೂ ಕಂಡೂ ಕಾಣದಂತೆ ಇರುವ ಹಳೆಯ ಚಾಳಿಯ ಮುಂದುವರಿಕೆ, ಕಿರುಸರಣಿಯ ಯಂತ್ರದ ಬಲದಂತೆ ಎರವಲು ತಂದದ್ದಲ್ಲ. ನಾನು ಒಲವಿನಿಂದ ಸಮರ್ಥಿಸಿಕೊಳ್ಳುತ್ತಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಿದರೆ ಅರ್ಧದಷ್ಟನ್ನು ಒಪ್ಪಿಕೊಳ್ಳಲು ಸಿದ್ಧನಿದ್ದೇನೆ.

ಹಳೆಯದನ್ನು ಮುಟ್ಟಲೇಬೇಡಿ ಎಂದ ಓದುಗರಿಗೆ ಮಾತ್ರ ನಾನು ಖಂಡಿತವಾಗಿ ಭಿನ್ನಮತ ಸೂಚಿಸಬೇಕಾಗಿದೆ. ಹಳೆಯ ಸಂಚಿಕೆಗಳಲ್ಲಿ ಬಿಳಿಯನೊಬ್ಬ ಬುರುಡೆ ಸಿಂಹಾಸನದ ಮೇಲೆ ಕುಳಿತಿರುತ್ತಾನೆ, ಕಾಡಿನ ಜನ ಅವನ ಸುತ್ತ ಕೈಕಟ್ಟಿ ನಿಂತಿರುತ್ತಾರೆ. ಚಿಕ್ಕಂದಿನಲ್ಲಿ ಅದು ಕಣ್ಣಿಗೆ ಬೀಳಲಿಲ್ಲ, ಈಗ ಬೀಳದೆ ಇರುವುದಿಲ್ಲ. ಏಷ್ಯಾದ ಕಡಲಂಚಿನಲ್ಲಿ ಎಲ್ಲೋ ಇದ್ದಂತಿದ್ದ ಆ ನಾಡು ಕ್ರಮೇಣ ಆಫ್ರಿಕಾಕ್ಕೆ ಸರಿಯಿತು. ಫ್ಯಾಂಟಮ್ ಕಾಡುಪ್ರಾಣಿಗಳನ್ನು ಒಟ್ಟಿಗೆ ಬಾಳಲು ಪಳಗಿಸಿದ ಈಡನ್ ದ್ವೀಪದಲ್ಲಿ ಸಿಂಹದ ಪಕ್ಕದಲ್ಲಿ ಹುಲಿಯೂ ಮೀನು ತಿನ್ನುತ್ತ ಕೂರುವುದು ಬಹುಶಃ ಆ ಹಳೆಯ ವಿಳಾಸದ ಗುರುತು. ವಸಾಹತುಗಳು ಸ್ವತಂತ್ರವಾದ ಕಾಲದಲ್ಲಿ ಲೀ ಫಾಕ್ ತಮ್ಮ ಕಥೆಯಲ್ಲಿಯೂ ವೈದ್ಯ ವೃತ್ತಿಯ ಲಮಾಂಡಾ ಲುವಾಗಾ ಎಂಬ ಕರಿಯ ನಾಯಕನನ್ನು ಆ ದೇಶದ ಅಧ್ಯಕ್ಷನನ್ನಾಗಿಸಿದರು, ಕಾಡಿನ ಗಸ್ತುಪಡೆಯ ಮುಂದಾಳುತನ ಕರ್ನಲ್ ವೊರುಬು ಎಂಬ ಕರಿಯ ಅಧಿಕಾರಿಯ ಕೈಗೆ ಬಂತು. 1999ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದ ಅವರು ತಮ್ಮ ನಾಯಕನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಮುಂದೆ ಅವನನ್ನು ತೆರೆಗೆ ತರುವವರು ಇನ್ನೂ ಒಂದು ಹೆಜ್ಜೆ ಹೋಗಿ, ಈ ಇಪ್ಪತ್ತೊಂದು ತಲೆಮಾರಿನ ಗುಟ್ಟನ್ನು ಕಾಪಾಡಿಕೊಂಡು ಬಂದ ಬಾಂದಾರರ ಕಡೆಯಿಂದ ಕಥೆ ಹೇಳಿಸಬೇಕು ಎಂಬುದು ನನ್ನ ಬಯಕೆ. ಪ್ರತಿ ಬಾರಿಯೂ ಹೆಣವನ್ನು ಹೊತ್ತು ತಂದವರು, ಮಗ ಬರುವವರೆಗೆ ಬಾಯಿ ಬಿಡದೆ ಇದ್ದವರು ಅವರೇ ಅಲ್ಲವೆ?

ಅದಕ್ಕೆ ಎರಡು ಗಂಟೆಯ ಸಿನಿಮಾ ಸಾಲದು. ಪತ್ರಿಕೆಯಲ್ಲಿ ಬರುತ್ತಿದ್ದ ಪಟ್ಟಿಗಳನ್ನು ಕತ್ತರಿಸಿ ಗೋಂದಿನಿಂದ ಹಳೆಯ ಲೆಕ್ಕದ ಪುಸ್ತಕವೊಂದಕ್ಕೆ ಅಂಟಿಸಿಡುವ ಅಭ್ಯಾಸ ನನಗಿತ್ತು. ಒಮ್ಮೆ ಫ್ಯಾಂಟಮ್ ಆಳವಾದ ಗುಂಡಿಗೆ ಬಿದ್ದ ಮರುದಿನದ ಪತ್ರಿಕೆ ಕೈಗೆ ಸಿಗಲಿಲ್ಲ. ಅಷ್ಟು ಜಾಗವನ್ನು ಖಾಲಿ ಬಿಟ್ಟೆ, ಅದು ಇಂದಿಗೂ ಖಾಲಿಯೇ ಇದೆ. ಅದರ ಮರುದಿನದ ಮೊದಲ ಚೌಕದಲ್ಲಿ ಅವನು ಗುಂಡಿಯ ಹೊರಗೆ ನಿಂತು ಬಟ್ಟೆಯ ಮಣ್ಣು ಕೊಡವುತ್ತಿದ್ದ, ಹಿಂದಿನ ದಿನ ನಡೆದದ್ದು ಮೇಲಿನ ಒಂದು ಸಾಲಿನಲ್ಲಿ ಬರೆದಿತ್ತು. ಮೂರ್ನಾಲ್ಕು ಚೌಕಗಳಲ್ಲಿ ಸ್ವಲ್ಪವೇ ಮುಂದೆ ಹೋಗುವ, ತಿಂಗಳುಗಟ್ಟಲೆ ಬೆಳೆಯುವ, ‘ತಡವಾಗಿ ಬಂದವರಿಗಾಗಿ’ ಎಂದು ಆಗಾಗ ನಿಂತು ಆಣೆಯ ಕಥೆಯನ್ನು ಮತ್ತೆ ಹೇಳುವ ಆ ಕ್ರಮ ಕಂತುಗಳ ಸರಣಿಗೆ ಹೇಳಿ ಮಾಡಿಸಿದಂತಿದೆ. ಒಂದೊಂದು ಕಂತಿಗೆ ಒಂದೊಂದು ದಫ್ತರ ತೆರೆದು, ಒಮ್ಮೆ ಮೂರನೆಯವನ, ಇನ್ನೊಮ್ಮೆ ಹದಿಮೂರನೆಯವನ ಕಾಲಕ್ಕೆ ಕರೆದೊಯ್ದರೆ ಆಯಾ ಕಾಲದ ಉಡುಪು ತನ್ನಷ್ಟಕ್ಕೆ ಬದಲಾಗುತ್ತದೆ, ಬಣ್ಣದ ಜಗಳ ಅಲ್ಲಿಗೇ ಮುಗಿಯುತ್ತದೆ.

ಫ್ಯಾಂಟಮ್‌ನ ಬಲಗೈಯ ಬುರುಡೆ ಉಂಗುರ ದುಷ್ಟರ ದವಡೆಯ ಮೇಲೆ ಅಚ್ಚೊತ್ತುವುದಕ್ಕೆ, ಎಡಗೈಯದು ರಕ್ಷಣೆಯ ಗುರುತಿಗೆ ಎಂಬುದನ್ನು ಅದಲುಬದಲು ಮಾಡದಿದ್ದರೆ ಸಾಕು, ಉಳಿದ ವಿವರಗಳಲ್ಲಿ ನಾನು ಉದಾರಿ. ಟೊಪ್ಪಿಗೆ, ಕಪ್ಪು ಕನ್ನಡಕ, ಉದ್ದನೆಯ ಕೋಟು ತೊಟ್ಟು ವಾಕರ್ ಎಂಬ ಹೆಸರಿನಲ್ಲಿ ಪಟ್ಟಣಕ್ಕೆ ಹೋದ ನಮ್ಮ ಫ್ಯಾಂಟಮ್ ಮಹಾಶಯ ಬಾರಿನಲ್ಲಿ ಒಂದು ಲೋಟ ಹಾಲು ಕೇಳಿ ಸುತ್ತಲಿನವರನ್ನು ನಗಿಸುವ ದೃಶ್ಯವೂ ಇದ್ದರೆ ಸಂತೋಷ. ಅವನ ಕಾಲ ಬಳಿ ಮಲಗಿದ ಪ್ರಾಣಿಯನ್ನು ನೋಡಿ ಯಾರಾದರೂ ಒಬ್ಬರು, ನಿಮ್ಮ ನಾಯಿ ಕಚ್ಚುತ್ತದೆಯೇ ಎಂದು ಕೇಳಲಿ. ಉತ್ತರ ಏನಿರಬೇಕೆಂದು ತಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ