ಬಾವಿಗೆ ನೀರು ಬಂದಿದೆ

ಕಬ್ಬನ್ ಉದ್ಯಾನದ ಬಿದಿರುಮೆಳೆಯ ಆಚೆ ಕಸ ತುಂಬಿ ಮುಚ್ಚಿಹೋಗಿದ್ದ ಹಳೆಯ ಬಾವಿಯಲ್ಲಿ ಈಗ ಹನ್ನೆರಡು ಅಡಿ ನೀರಿದೆ. ಅನುಮತಿಗಾಗಿ ಅಲೆದದ್ದೆಲ್ಲ ನಿಮಗೆ ಗೊತ್ತೇ ಇರುವ ಕತೆ, ಅದನ್ನು ಬಿಡುತ್ತೇನೆ. ಚಂದಾ ಕೊಟ್ಟವರಿಗೆ, ಭಾನುವಾರಗಳಲ್ಲಿ ಮಣ್ಣಿನ ಬುಟ್ಟಿ ಹೊತ್ತ ವಾಯುವಿಹಾರದ ಗೆಳೆಯರಿಗೆ, ತೋಟದ ಮಾಲಿಗಳಿಗೆ ಕೈಮುಗಿಯುತ್ತೇನೆ.

ಉಳಿದ ಮಾತೆಲ್ಲ ನಮ್ಮ ಮೇಸ್ತ್ರಿಯವರಿಗೆ. ಅವರು ಮಣ್ಣು ವಡ್ಡರು, ಬಾವಿ ತೋಡುವುದು ತಲೆಮಾರುಗಳ ಕಸುಬು. ಕೊಳವೆಬಾವಿಗಳು ಬಂದ ಮೇಲೆ ಆ ಕೈಗಳಿಗೆ ಕೆಲಸ ಕಡಿಮೆಯಾಯಿತು. ಮೊದಲ ದಿನ ಹಗ್ಗ ಹಿಡಿದು ಇಳಿದವರು ಕಲ್ಲುಗಳ ಸಂದಿಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಊಟೆ ಸತ್ತಿಲ್ಲ ಅಕ್ಕ, ಹೂಳು ತೆಗೆದರೆ ಸಾಕು" ಎಂದರು.

ಕೆಲಸದ ನಡುವೆ ಒಂದು ರಾತ್ರಿ ಮಳೆ ಸುರಿಯಿತು. ಇನ್ನೂ ಆರು ಅಡಿ ಹೂಳು ಉಳಿದಿತ್ತು. ಪಂಪ್ ಕೆಟ್ಟಿತು. ಬಾವಿಯ ಮೂಡಲ ಬದಿಯ ಗೋಡೆಯಿಂದ ನಾಲ್ಕು ಕಲ್ಲು ಜಾರಿ ಬಿದ್ದವು. "ಮುಚ್ಚಿಬಿಡೋಣ" ಎಂದೆ. ಅಪ್ಪ ತೀರಿಕೊಂಡು ಎರಡೇ ತಿಂಗಳಾಗಿತ್ತು. ನನ್ನ ಕೈಹಿಡಿದು ಅವರು ನಡೆಸುತ್ತಿದ್ದದ್ದು ಈ ಬಾವಿಯ ಪಕ್ಕದ ದಾರಿಯಲ್ಲೇ. ಅವರನ್ನೂ ಉಳಿಸಿಕೊಳ್ಳಲಾಗಲಿಲ್ಲ, ಇದನ್ನೂ ಉಳಿಸಲಾರೆ ಅನ್ನಿಸಿ ಎಲ್ಲರೆದುರು ಅತ್ತುಬಿಟ್ಟೆ.

ಮೇಸ್ತ್ರಿಯವರು ಸಮಾಧಾನ ಹೇಳಲಿಲ್ಲ. "ಟಾರ್ಚ್ ಸರಿಯಾಗಿ ಹಿಡಿಯಿರಿ" ಎಂದರು. ಬಾವಿಯ ಸುತ್ತ ಕಾಲುವೆ ತೋಡಿ, ಹರಿದು ಬರುತ್ತಿದ್ದ ನೀರನ್ನು ಆಚೆ ತಿರುಗಿಸಿದರು. ಬೇರೆ ಯಾರನ್ನೂ ಇಳಿಯಗೊಡದೆ ತಾವೇ ಇಳಿದು, ಜಾರುತ್ತಿದ್ದ ಗೋಡೆಗೆ ನೀಲಗಿರಿ ಕಂಬಗಳನ್ನು ಆನಿಸಿದರು. ಬೆಳಕು ಹರಿಯುವವರೆಗೆ ಬಕೆಟ್ಟಿನಲ್ಲಿ ನೀರು ತುಂಬಿ ಮೇಲೆ ಕಳಿಸುತ್ತಲೇ ಇದ್ದರು. ಮೇಲೆ ಬಂದಾಗ ಬೆರಳುಗಳು ಬಿಳುಚಿ ಸುಕ್ಕುಗಟ್ಟಿದ್ದವು. ಟೀ ಲೋಟ ಹಿಡಿಯಲೂ ಆಗದೆ ಮಗನ ಕೈಯಲ್ಲಿ ಕುಡಿದರು.

1870ರಲ್ಲಿ ಈ ಉದ್ಯಾನವನ್ನು ರೂಪಿಸಿದ ರಿಚರ್ಡ್ ಸ್ಯಾಂಕಿಯವರನ್ನು ನೆನೆಯುತ್ತೇವೆ. 1927ರಲ್ಲಿ ಇದಕ್ಕೆ ಯಾರ ಹೆಸರಿಟ್ಟರೋ ಆ ಚಾಮರಾಜೇಂದ್ರ ಒಡೆಯರನ್ನೂ ನೆನೆಯುತ್ತೇವೆ. ಇಲ್ಲಿನ ಬಾವಿಗಳಿಗೆ ಕಲ್ಲು ಜೋಡಿಸಿದ ಕೈಗಳನ್ನೂ ನೆನೆಯಬೇಕಲ್ಲವೇ?

ಸೋಮವಾರ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸುತ್ತೇವೆ. ಅದಕ್ಕೂ ಮೊದಲೇ ತೋರಿಸಬೇಕೆಂದು ನಿನ್ನೆ ಮೇಸ್ತ್ರಿಯವರು ಮೊಮ್ಮಗಳನ್ನು ಕರೆತಂದಿದ್ದರು. ಕಟ್ಟೆ ಅವಳಿಗೆ ಎಟುಕಲಿಲ್ಲ. ಸೊಂಟ ಹಿಡಿದು ಎತ್ತಿದರು. ಅವಳು ಒಳಗೆ ಇಣುಕಿ ಜೋರಾಗಿ "ತಾತಾ" ಎಂದು ಕೂಗಿದಳು. ಬಾವಿಯೂ ಹಾಗೆಯೇ ಕೂಗಿತು.