ಅಪ್ಪನ ಕಾಲಿನ ವಿಷಯ ಮುಂದಕ್ಕೆ ಹಾಕಬೇಡ

ಹಾಂಗ್ ಕಾಂಗ್
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನು ಬರೆದ ಕಾಗದವನ್ನು ಪುಟ್ಟ ಫೋಟೋ ತೆಗೆದು ಕಳಿಸಿದ್ದ, ಓದಿದೆ. ಫೋನಿನಲ್ಲಿ ಕೇಳಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ನೀನು "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತೀಯ. ಕಾಗದ ನೋಡಿದರೆ ಕಥೆಯೇ ಬೇರೆ, ಅಪ್ಪನ ಕಾಲಿನ ಗಾಯ ಮಾಯುತ್ತಲೇ ಇಲ್ಲ. ಅದಕ್ಕೇ ನಾನೂ ಬರೆದೇ ಹೇಳುತ್ತಿದ್ದೇನೆ. ಪುಟ್ಟ ಪ್ರಿಂಟ್ ತೆಗೆದು ಕೊಡುತ್ತಾನೆ. ಅಪ್ಪ ಕಣದ ಕಡೆ ಹೋದಾಗ ಓದು.

ಮೊದಲು ನನ್ನ ಊಟದ ವಿಷಯ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಅದೇ ಯೋಚನೆ. ನಾನು ಸೊರಗಿಲ್ಲ. ಬರೀ ಬ್ರೆಡ್ಡು, ನೂಡಲ್ಸು ತಿಂದುಕೊಂಡೂ ಇಲ್ಲ. ಇವತ್ತು ಮಧ್ಯಾಹ್ನ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಅವರ ಮನೆಯವರ ಜೊತೆ ಡಿಮ್ ಸಮ್ ಅಂತ, ಟೀ ಜೊತೆ ಸಣ್ಣ ಸಣ್ಣ ತಿಂಡಿಗಳ ಊಟಕ್ಕೆ ಕರೆದುಕೊಂಡು ಹೋಗಿದ್ದಳು. ಭಾನುವಾರ ಬಂತೆಂದರೆ ಅಜ್ಜ, ಅಜ್ಜಿ, ಮೊಮ್ಮಕ್ಕಳು ಎಲ್ಲ ಒಂದೇ ಮೇಜಿಗೆ ಸೇರುವುದು ಇಲ್ಲಿಯವರ ಪದ್ಧತಿ. ಹೆಸರಿಗೆ ಟೀ ಕುಡಿಯೋಕೆ ಅಂತ ಹೋಗುತ್ತಾರೆ. ಎದ್ದು ಬರುವಷ್ಟರಲ್ಲಿ ಎರಡು ಗಂಟೆ ಆಗಿರುತ್ತದೆ.

ಹೋಟೆಲು ಕೌಲೂನ್ ಕಡೆ, ಮಾಂಗ್ ಕಾಕ್‌ನಲ್ಲಿ. ಒಳಗೆ ಗದ್ದಲ ಅಂದರೆ ಗದ್ದಲ. ಕೂತ ತಕ್ಷಣ ಎಲ್ಲರೂ ಬಿಸಿ ಟೀ ಸುರಿದು ತಮ್ಮ ಬಟ್ಟಲು, ಲೋಟ, ಚಾಪ್‌ಸ್ಟಿಕ್ ತಾವೇ ತೊಳೆಯುತ್ತಾರೆ. ತೊಳೆದ ನೀರು ಚೆಲ್ಲೋಕೆ ಮೇಜಿನ ಮೇಲೇ ಒಂದು ಬೋಗುಣಿ ಇಟ್ಟಿರುತ್ತಾರೆ. ಹೋಟೆಲಿನವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಿನಗೆ ಇದು ತುಂಬಾ ಹಿಡಿಸುತ್ತಿತ್ತು. ಎಲ್ಲಿ ಹೋದರೂ ಲೋಟವನ್ನು ಸೆರಗಿನಿಂದ ಒರೆಸಿಯೇ ಕುಡಿಯುವವಳು ನೀನು.

ಟೀಗೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಕಪ್ಪಗಿನ ಪು-ಅರ್ ಟೀ, ಅದರ ಜೊತೆ ಒಣಗಿಸಿದ ಸೇವಂತಿಗೆ ಹೂವು. ಯಾರಾದರೂ ನಮ್ಮ ಲೋಟಕ್ಕೆ ಟೀ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು, ಅದೇ ಥ್ಯಾಂಕ್ಸು. ಇದಕ್ಕೊಂದು ಕಥೆ ಹೇಳುತ್ತಾರೆ. 18ನೇ ಶತಮಾನದಲ್ಲಿ ಚಿಯೆನ್‌ಲಾಂಗ್ ಅನ್ನುವ ಚಕ್ರವರ್ತಿ ವೇಷ ಮರೆಸಿಕೊಂಡು ಊರು ಸುತ್ತುವಾಗ ತನ್ನ ಸೇವಕನಿಗೆ ತಾನೇ ಟೀ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆ ಅಂತ ಸೇವಕ ಬೆರಳು ಮಡಿಸಿ ಮೇಜಿನ ಮೇಲೇ ನಮಸ್ಕಾರ ಮಾಡಿದನಂತೆ. ಕೆಟಲಿನಲ್ಲಿ ನೀರು ಮುಗಿದರೆ ಮುಚ್ಚಳ ಓರೆ ಮಾಡಿಟ್ಟರೆ ಸಾಕು, ಬಂದು ತುಂಬಿಸಿ ಹೋಗುತ್ತಾರೆ. ಎಷ್ಟು ಅಚ್ಚುಕಟ್ಟು ಅಲ್ವಾ?

ಹಿಂದೆಲ್ಲ ತಿಂಡಿಗಳನ್ನು ತಳ್ಳುಗಾಡಿಯಲ್ಲಿ ಮೇಜಿನ ಹತ್ತಿರವೇ ತರುತ್ತಿದ್ದರಂತೆ. ಈಗ ಅಂಥ ಹೋಟೆಲು ಕಡಿಮೆ. ಉದ್ದದ ಚೀಟಿಯಲ್ಲಿ ಬೇಕಾದ್ದಕ್ಕೆ ಗುರುತು ಹಾಕಿ ಕೊಟ್ಟರೆ ಬಿದಿರಿನ ಬುಟ್ಟಿಗಳು ಹಬೆಯಾಡುತ್ತಾ ಬರುತ್ತವೆ. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಹಾರ್ ಗಾವ್. ನಮ್ಮ ಕಡುಬಿನ ಹಾಗೇ ಹಬೆಯಲ್ಲಿ ಬೇಯಿಸುವುದು. ಆದರೆ ಹೊರಗಿನ ಹಿಟ್ಟು ಎಷ್ಟು ತೆಳು ಅಂದರೆ ಒಳಗಿನ ಸೀಗಡಿಯ ನಸುಗೆಂಪು ಹೊರಗೇ ಕಾಣುತ್ತದೆ. ಒಂದು ಅಂಚಿನಲ್ಲಿ ಸಣ್ಣ ಸಣ್ಣ ನೆರಿಗೆ ಹಿಡಿದಿರುತ್ತಾರೆ. ಎತ್ತುವಾಗ ಹರಿಯಬಾರದು, ಹಲ್ಲಿಗೂ ಅಂಟಬಾರದು. ಅಡುಗೆಯವನ ಕೈ ಹೇಗಿದೆ ಅಂತ ಇದೊಂದರಲ್ಲೇ ಗೊತ್ತಾಗುತ್ತದಂತೆ. ಹಂದಿ ಮಾಂಸದ್ದು ಸ್ಯೂ ಮಾಯ್, ಮೂಲಂಗಿ ತುರಿದು ಅಕ್ಕಿ ಹಿಟ್ಟಲ್ಲಿ ಬೇಯಿಸಿ ಕಾವಲಿ ಮೇಲೆ ಕೆಂಪಗೆ ಮಾಡಿದ್ದು, ತಾವರೆ ಎಲೆಯಲ್ಲಿ ಕಟ್ಟಿದ ಅಂಟಕ್ಕಿ ಅನ್ನ, ಎಲ್ಲ ತಿಂದೆ. ಕೋಳಿ ಕಾಲೂ ಬಂತು! ನಾವು ಸೂಪಿಗೆ ಹಾಕಿ ಸುಮ್ಮನಾಗುತ್ತೇವೆ. ಇವರು ಕರಿದು, ಆಮೇಲೆ ಮಸಾಲೆಯಲ್ಲಿ ಮೆತ್ತಗೆ ಬೇಯಿಸಿ, ಅತಿಥಿಗೆ ಮೊದಲು ಬಡಿಸುತ್ತಾರೆ. ಒಂದು ಬುಟ್ಟಿಗೆ ನಮ್ಮ ದುಡ್ಡಲ್ಲಿ 300 ರೂಪಾಯಿಗೂ ಮೇಲೆ. ನನಗೆ ಒಂದು ಪೈಸೆ ಕೊಡಲು ಬಿಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಆ ಹುಡುಗಿಯ ಅಪ್ಪ ನನ್ನ ಎದುರಿಗೇ ಕೂತಿದ್ದರು. ನಮ್ಮಪ್ಪನ ವಯಸ್ಸೇ. ಅವರಿಗೂ ಸಕ್ಕರೆ ಕಾಯಿಲೆ, ಬಹಳ ವರ್ಷದಿಂದ. ಒಂದು ಹಾರ್ ಗಾವ್, ಒಂದಿಷ್ಟು ಬೇಯಿಸಿದ ಸೊಪ್ಪು ಹಾಕಿಸಿಕೊಂಡರು. ಅಂಟಕ್ಕಿ ಅನ್ನ ಬಂದಾಗ ಕೈಯಲ್ಲೇ ಬೇಡ ಅಂದರು, ಆಮೇಲೆ ಬಂದ ಮೊಟ್ಟೆಯ ಸಿಹಿ ಟಾರ್ಟನ್ನು ಮೊಮ್ಮಗನ ಕಡೆ ಸರಿಸಿದರು. ನನ್ನ ಅಪ್ಪನ ಬಗ್ಗೆ ಕೇಳಿದಾಗ ಎಲ್ಲ ಹೇಳಿದೆ. ಗಮ್ ಬೂಟು ಉಜ್ಜಿ ಗಾಯ ಆಗಿದೆ, ಮಾಯುತ್ತಿಲ್ಲ, ಆದರೆ ನೋವೇನೂ ಇಲ್ಲವಂತೆ ಅಂದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟರು. ನೋವಿಲ್ಲ ಅನ್ನುವುದೇ ಹೆದರಬೇಕಾದ್ದು ಅಂತ ಮಗಳ ಬಾಯಲ್ಲಿ ಹೇಳಿಸಿದರು. ಅವರು ದಿನಾ ರಾತ್ರಿ ಕೈಗನ್ನಡಿ ಹಿಡಿದು ಎರಡೂ ಅಂಗಾಲು ನೋಡಿಕೊಂಡೇ ಮಲಗುತ್ತಾರಂತೆ.

ಅಮ್ಮ, ಅವರು ಹೇಳಿದ್ದು ನಿಜ. ಸಕ್ಕರೆ ಜಾಸ್ತಿಯಿದ್ದು ನರ ಸೋತರೆ ಕಾಲಿಗೆ ನೋವು ಗೊತ್ತಾಗುವುದಿಲ್ಲ. ರಕ್ತವೂ ಸರಿಯಾಗಿ ಹರಿಯದಿದ್ದರೆ ಗಾಯ ಮಾಯುವುದಿಲ್ಲ, ಒಳಗೊಳಗೇ ಕೀವು ಹಬ್ಬುತ್ತದೆ. ನೀನು ಸುತ್ತಲೂ ಕೆಂಪಾಗಿದೆ, ವಾಸನೆ ಬರುತ್ತಿದೆ ಅಂತ ಬರೆದಿದ್ದೀಯ. ಇನ್ನು ಕಾಯಬಾರದು. ಕುಯ್ಲು ಮುಗೀಲಿ ಅನ್ನುತ್ತಾರಲ್ಲ ಅಪ್ಪ, ಅದು ಯಾವತ್ತು ಮುಗಿದಿದೆ? ಅರೇಬಿಕಾ ಆದರೆ ರೊಬಸ್ಟಾ, ರೊಬಸ್ಟಾ ಆದರೆ ಮೆಣಸು, ಅಷ್ಟರಲ್ಲಿ ಹೂವಿನ ಮಳೆ. ತೋಟ ಎಲ್ಲಿಗೂ ಓಡಿಹೋಗುವುದಿಲ್ಲ. ಚಿಕ್ಕಪ್ಪ ಹದಿನೈದು ದಿನ ಆಳು ನೋಡಿಕೊಳ್ಳುತ್ತಾರೆ, ನಾನೇ ಅವರಿಗೆ ಫೋನ್ ಮಾಡಿ ಹೇಳಿದ್ದೇನೆ.

ನಾಳೆ ಬೆಳಗ್ಗೆಯೇ ಹಾಸನಕ್ಕೆ ಕರೆದುಕೊಂಡು ಹೋಗು. 40 ಕಿಲೋಮೀಟರ್ ದೊಡ್ಡದಲ್ಲ. ಪುಟ್ಟ ಕಾರು ತರುತ್ತಾನೆ. ಹಳೆ ಚೀಟಿ, ಮಾತ್ರೆ ಡಬ್ಬಿ ಎಲ್ಲ ಚೀಲಕ್ಕೆ ಹಾಕಿಕೋ. ಅಡ್ಮಿಟ್ ಆಗಿ ಅಂದರೆ ಆಗಲೇಬೇಕು. ಬೇರೆ ಊರಿಗೆ ಕಳಿಸಿದರೆ ಅಲ್ಲಿಗೂ ಹೋಗಿ. ಅರಿಶಿನ, ಬೇವಿನೆಣ್ಣೆ ಇವತ್ತೇ ನಿಲ್ಲಿಸು. ಬಿಸಿನೀರಲ್ಲಂತೂ ಕಾಲು ಇಡಿಸಬೇಡ, ಸುಟ್ಟರೂ ಅಪ್ಪನಿಗೆ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಕಣಕ್ಕೆ ಇಳಿಯುವುದು ಬೇಡ. ಕಾಫಿಗೆ ಸಕ್ಕರೆ ಬೇಡ, ಬೆಲ್ಲವೂ ಬೇಡ. ಬೆಲ್ಲ ಆದರೆ ಏನೂ ಆಗಲ್ಲ ಅಂತ ಗೌರತ್ತೆ ಹೇಳಿದ್ದನ್ನು ಕೇಳಬೇಡ.

ದುಡ್ಡಿನ ಮಾತು ಎತ್ತಲೇಬೇಡ. ನಿನ್ನ ಅಕೌಂಟಿಗೆ ಹಾಕಿದ್ದೇನೆ, ಸಾಲದಿದ್ದರೆ ಮತ್ತೆ ಹಾಕುತ್ತೇನೆ. ನನಗೆ ಏನೂ ಕಷ್ಟವಿಲ್ಲ, ಬಾಡಿಗೆ ಕಟ್ಟಿ ಆಗಿದೆ. ಬಳೆ ಬ್ಯಾಂಕಿನಲ್ಲಿ ಅಡ ಇಡುವ ಯೋಚನೆ ಬಿಡು. ನೀನೂ ಗಾಬರಿಯಾಗಬೇಡ, ನಾನೂ ಆಗಿಲ್ಲ. ಎಷ್ಟೋ ಜನಕ್ಕೆ ವಾಸಿಯಾಗುತ್ತದೆ, ಅಪ್ಪನಿಗೂ ಆಗುತ್ತದೆ. ಬೇಗ ತೋರಿಸಬೇಕು, ಅಷ್ಟೇ. ಅಪ್ಪ ಸಿಟ್ಟು ಮಾಡಿದರೆ ನನ್ನ ಹೆಸರು ಹೇಳು, ಬೈಗುಳ ನನಗಿರಲಿ. ಅಗತ್ಯ ಬಿದ್ದರೆ ರಜೆ ಹಾಕಿ ಬಂದುಬಿಡುತ್ತೇನೆ, ಆಫೀಸಿನಲ್ಲಿ ಕೇಳಿಯೂ ಆಗಿದೆ.

ಪುಟ್ಟ ಆನ್‌ಲೈನ್ ಇದ್ದಾನೆ, ಮಲಗುವ ಮೊದಲೇ ಇದನ್ನು ಕಳಿಸಬೇಕು. ಡಾಕ್ಟರು ನೋಡಿದ ತಕ್ಷಣ ಅಲ್ಲಿಂದಲೇ ಫೋನ್ ಮಾಡಿಸು, ಮೀಟಿಂಗಿನಲ್ಲಿದ್ದರೂ ಎತ್ತುತ್ತೇನೆ. ಅಜ್ಜಿಗೆ ನಮಸ್ಕಾರ ಹೇಳು. ಉಳಿದದ್ದು ಆಮೇಲೆ.

ನಿನ್ನ ಮಗಳು